ಗಿಟಾರಿನ ಜೋಡಿ ಸಾಮಾನು

ಹೋದ ವರ್ಷ ಮೇ ತಿಂಗಳ ಒಂದು ಸಂಜೆ, ಬಿಸಿಲು ಸ್ವಲ್ಪ ಇಳಿದ ಮೇಲೆ, ತಂಗಿಯ ಮಗಳನ್ನು ಕರೆದುಕೊಂಡು ಗಾಂಧಿ ಚೌಕಕ್ಕೆ ಹೋಗಿದ್ದೆ. ಅವಳು ತಿಕೋಟಾದವಳು. ಪಿಯುಸಿ ಮುಗಿದಿತ್ತು. ಎರಡು ವರ್ಷ ಓಣಿಯ ಹುಡುಗರಿಗೆ ಗಣಿತ ಹೇಳಿಕೊಟ್ಟು 7,000 ರೂಪಾಯಿ ಕೂಡಿಸಿಟ್ಟಿದ್ದಳು. ಅದರಲ್ಲಿ ಗಿಟಾರ್ ಕೊಳ್ಳಬೇಕು ಎಂಬುದು ಅವಳ ಹಟ. ಅವಳ ಅಪ್ಪ, ಅಂದರೆ ನನ್ನ ಭಾವ, ಬೇಡ ಅಂದಿರಲಿಲ್ಲ. ಆದರೆ ಒಂದು ಮಾತು ಅಂದಿದ್ದ: “ಒಂದ ವರ್ಷ ನೋಡ್ತೀನಿ. ಮೂಲ್ಯಾಗ ಬಿತ್ತಂದ್ರ ಮಾರೇ ಬಿಡ್ತೀನಿ. ನಿಮ್ಮ ಮಾಮಾನ ಗಿಟಾರದ ಗತಿ ಆಗಬಾರದು ನೋಡು.”

ಆ ಮಾತಿನ ಕೊನೆಯ ಭಾಗ ನನಗೇ ತಾಗುವಂಥದ್ದು. ನಮ್ಮ ಮನೆಯ ಅಟ್ಟದ ಮೇಲೆ ಹಳೆಯ ಗಿಟಾರೊಂದು ಮೂವತ್ತು ವರ್ಷದಿಂದ ಮಲಗಿದೆ. ನಮ್ಮ ಬಳಗದಲ್ಲಿ ಯಾರಾದರೂ ಹೊಸದೇನಾದರೂ ಕಲಿಯುತ್ತೇನೆ ಅಂದರೆ ಆ ಗಿಟಾರನ್ನು ಸಾಕ್ಷಿಗೆ ಕರೆಯುತ್ತಾರೆ. ಹೀಗಾಗಿ ಆ ಸಂಜೆ ಅಂಗಡಿಗೆ ಹೋದದ್ದು ನಾವಿಬ್ಬರೇ ಆದರೂ ವಿಚಾರಣೆಯಲ್ಲಿ ನಿಂತವನು ನಾನು.

ಗಿಟಾರ್ ಆರಿಸುವುದು ಹತ್ತು ನಿಮಿಷದ ಕೆಲಸವಾಯಿತು. ಕೈಯಲ್ಲಿದ್ದ ಹಣಕ್ಕೆ ಬರುವಂಥವು ಅಂಗಡಿಯಲ್ಲಿ ಮೂರೇ ಇದ್ದವು. ಕಷ್ಟ ಶುರುವಾದದ್ದು ಆಮೇಲೆ. ಅಂಗಡಿಯವರು ಗಾಜಿನ ಕಪಾಟಿನಿಂದ ಒಂದೊಂದೇ ಸಾಮಾನು ತೆಗೆದು ಮೇಜಿನ ಮೇಲೆ ಹರವಿದರು. ಟ್ಯೂನರ್, ಕೇಪೋ, ಪಿಕ್ಕುಗಳ ಪೊಟ್ಟಣ, ಹೆಗಲಪಟ್ಟಿ, ಸ್ಟ್ಯಾಂಡು, ಪಾಲಿಶ್ ಬಾಟಲಿ, ಬೆರಳಿಗೆ ಹಾಕುವ ರಬ್ಬರ್ ಟೊಪ್ಪಿಗೆ, ತಂತಿಯ ಸೆಟ್ಟು, ದಪ್ಪ ಚೀಲ. “ಬರೇ ಗಿಟಾರ್ ಒಯ್ದು ಏನ್ ಮಾಡ್ತೀರಿ ಸರ್ರ? ಜೋಡಿ ಸಾಮಾನ ಬೇಕಾಗ್ತಾವ್ರಿ.” ಎಲ್ಲ ಸೇರಿಸಿದರೆ ಎರಡೂವರೆ ಸಾವಿರದ ಮೇಲೆ. ಗಿಟಾರಿಗೆ ಕೊಟ್ಟ ಮೇಲೆ ಅವಳ ಹತ್ತಿರ ಉಳಿಯುತ್ತಿದ್ದದ್ದು ಒಂದೂವರೆ ಸಾವಿರ.

“ಮಾಮಾ, ಇವೆಲ್ಲಾ ಬೇಕೇ ಬೇಕೇನು?” ಎಂದು ಅವಳು ಕೇಳಿದಳು. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಇಂಥ ಪ್ರಶ್ನೆ ಕೇಳಿದರೆ ನಾನೂರು ವರ್ಷ ಹಿಂದಕ್ಕೆ ಹೋಗದೆ ಉತ್ತರ ಕೊಡಲಾರೆ ಎಂದು ಅವಳು ಆಮೇಲೆ ಎಲ್ಲರ ಮುಂದೆ ಆಡಿಕೊಂಡಳು. ಇರಲಿ.

ನಾನೂರು ವರ್ಷದ ಹಿಂದೆಯೂ ಈ ಊರು ಜೋಡಿ ಸಾಮಾನಿನ ಊರೇ. 1604ರ ಸುಮಾರಿಗೆ ಅಕ್ಬರನ ರಾಯಭಾರಿ ಅಸದ್ ಬೇಗ್ ಬಿಜಾಪುರಕ್ಕೆ ಬಂದಿದ್ದ. ಎರಡು ಹರದಾರಿ ಉದ್ದದ ಬಜಾರನ್ನು, ಅಂಗಡಿಗಳ ಮುಂದಿನ ಹಸಿರು ಗಿಡಗಳನ್ನು, ಅಕ್ಕಸಾಲಿಗರಿಂದ ಹಿಡಿದು ಆಯುಧ ಮಾರುವವರ ತನಕ ಸಾಲಾಗಿ ಕೂತ ವ್ಯಾಪಾರಿಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಹಿಂದೂಸ್ಥಾನದಲ್ಲಿ ತಾನು ಅದುವರೆಗೆ ನೋಡಿರದ ಒಂದು ವಸ್ತುವೂ ಅವನಿಗೆ ಇಲ್ಲಿ ಸಿಕ್ಕಿತು, ತಂಬಾಕು. ಬರೀ ಎಲೆ ಒಯ್ದರೆ ಬಾದಶಹ ಏನು ಮಾಡಬೇಕು? ಆದ್ದರಿಂದ ಸೇದುವ ಸಾಧನವನ್ನೂ ಸಜ್ಜು ಮಾಡಿಸಿದ. ಅಚೀನ್ ದೇಶದ ಉದ್ದನೆಯ ಕೊಳವೆ, ಅದರ ಎರಡೂ ತುದಿಗೆ ರತ್ನದ ಕೆಲಸ, ಬಾಯಿಗಿಡುವ ತುದಿಗೆ ಯೆಮನ್ನಿನ ಕೆಂಪು ಅಕೀಕು, ಬೆಂಕಿ ಹಚ್ಚಲು ಬಂಗಾರದ ಬಟ್ಟಲು, ತಂಬಾಕು ತುಂಬಲು ಸುಲ್ತಾನನೇ ಕೊಟ್ಟ ಎಲೆ ಅಡಿಕೆಯ ಚೀಲ. ತಂಬಾಕಿಗಿಂತ ಅದರ ಜೋಡಿ ಸಾಮಾನಿನ ವರ್ಣನೆಯೇ ಉದ್ದ. ಅಕ್ಬರ್ ಎರಡು ಮೂರು ಸಲ ಸೇದಿದ, ಹಕೀಮರು ತಡೆದರು, ಅಲ್ಲಿಗೆ ಬಿಟ್ಟ. ಆದರೆ ದರಬಾರಿನ ಮಂದಿಗೆ ಚಟ ಹತ್ತಿತು.

ಆ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್ ಶಾ. ಒಂಬತ್ತರ ವಯಸ್ಸಿಗೆ, 1580ರಲ್ಲಿ, ಪಟ್ಟಕ್ಕೆ ಬಂದು 1627ರವರೆಗೆ ಆಳಿದವನು. ರಾಯಭಾರಿಯ ಮಾತಿಗೆ ಉತ್ತರ ಕೊಡಲೂ ಆಗದಷ್ಟು ಸಂಗೀತದಲ್ಲಿ ಮುಳುಗಿರುತ್ತಿದ್ದ ಎಂದು ಅದೇ ಅಸದ್ ಬೇಗ್ ಬರೆಯುತ್ತಾನೆ. ಇಬ್ರಾಹಿಂ ದಖನಿಯಲ್ಲಿ ರಚಿಸಿದ ‘ಕಿತಾಬ್-ಎ-ನೌರಸ್’ ರಾಗಗಳಿಗೆ ಹೊಂದಿಸಿದ ಹಾಡುಗಳ ಪುಸ್ತಕ. ಅದರಲ್ಲಿ ಸರಸ್ವತಿ, ಗಣಪತಿ, ಬಂದೇ ನವಾಜರ ಜೊತೆಗೆ ಮೂರು ಹೆಸರು ಮತ್ತೆ ಮತ್ತೆ ಬರುತ್ತವೆ. ಹೆಂಡತಿ ಚಾಂದ್ ಸುಲ್ತಾನ್, ಆನೆ ಆತಿಶ್ ಖಾನ್, ತಂಬೂರ ಮೋತಿ ಖಾನ್. ವಾದ್ಯಕ್ಕೆ ಖಾನ್ ಪದವಿ ಕೊಟ್ಟ ಅರಸ ಬೇರೆ ಯಾರಿದ್ದಾನೋ ನೋಡಬೇಕು. ಫರ್ರುಖ್ ಬೇಗ್ ಬರೆದ ಒಂದು ಚಿತ್ರದಲ್ಲಿ ಅವನು ತಂಬೂರ ನುಡಿಸುತ್ತಿದ್ದಾನೆ. ಆ ಚಿತ್ರ ಈಗ ಪ್ರಾಗ್ ನಗರದ ನಾಪ್ರ್‌ಸ್ಟೆಕ್ ಸಂಗ್ರಹಾಲಯದಲ್ಲಿದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಇನ್ನೊಂದರಲ್ಲಿ ಕೈಯಲ್ಲಿ ತಾಳ ಹಾಕುವ ಚಿಟಿಕೆಗಳಿವೆ. ಒಂದು ಕಡೆ ವಾದ್ಯ, ಇನ್ನೊಂದು ಕಡೆ ಜೋಡಿ ಸಾಮಾನು.

ಗಾಂಧಿ ಚೌಕದಿಂದ ಪಶ್ಚಿಮಕ್ಕೆ ಹೊರಟರೆ ಮೊದಲು ತೊರವಿ ಸಿಗುತ್ತದೆ. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ಊರು. 1599ರಲ್ಲಿ ಇಬ್ರಾಹಿಂ ಸಂಗೀತಗಾರರಿಗೆಂದೇ ಕಟ್ಟಿಸಲು ತೊಡಗಿದ ನವರಸಪುರ ಇಲ್ಲಿಯೇ ಇತ್ತು. 1624ರಲ್ಲಿ ಮಲಿಕ್ ಅಂಬರ್ ಅದನ್ನು ಹಾಳುಗೆಡವಿದ. ಸಂಗೀತ ಮಹಲಿನ ಕಮಾನುಗಳು ಮಾತ್ರ ಉಳಿದಿವೆ. ಅದೇ ರಸ್ತೆಯಲ್ಲಿ ಮುಂದೆ ಹೋದರೆ ತಿಕೋಟಾ, ಅಥಣಿ, ಕಾಗವಾಡ, ಆಮೇಲೆ ಮಿರಜ. ಮಿರಜ ಅಂದರೆ ತಂತಿವಾದ್ಯ ಮಾಡುವ ಊರು. ನನ್ನ ಸೊಸೆಯ ಮನೆ ಈ ರಸ್ತೆಯ ಮೇಲೇ ಇದೆ ಎಂಬುದು ಆ ಸಂಜೆ ಅಂಗಡಿಯಲ್ಲಿ ನಿಂತಾಗ ಹೊಳೆದು ನನಗೆ ಖುಷಿಯಾಯಿತು.

ಈಗ ನನ್ನ ಗಿಟಾರಿನ ಕತೆ ಹೇಳಿಬಿಡಬೇಕು.

1995ರಲ್ಲಿ ಸೊಲ್ಲಾಪುರಕ್ಕೆ ಹೋಗಿ 900 ರೂಪಾಯಿ ಕೊಟ್ಟು ತಂದದ್ದು. ಜೊತೆಗೆ ಒಂದು ತೆಳ್ಳನೆಯ ಇಂಗ್ಲಿಷ್ ಪುಸ್ತಕ ಬಿಟ್ಟು ಬೇರೇನೂ ಕೊಳ್ಳಲಿಲ್ಲ. ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಬಂದೆ. ಮನೆಗೆ ಬರುವಷ್ಟರಲ್ಲಿ ಆರೂ ತಂತಿ ಸಡಿಲ. ಪುಸ್ತಕದಲ್ಲಿ ಇ, ಎ, ಡಿ, ಜಿ, ಬಿ, ಇ ಎಂದು ಬರೆದಿತ್ತು. ಆ ‘ಇ’ ಎಲ್ಲಿಂದ ತರಬೇಕು? ಭಜನಾ ಮಂಡಳಿಯ ಹಾರ್ಮೋನಿಯಂ ಮಾಸ್ತರರ ಹತ್ತಿರ ಹೋದೆ. ಅವರು ಪ್ರೀತಿಯಿಂದಲೇ ಕೂಡ್ರಿಸಿಕೊಂಡು, ಗಿಟಾರನ್ನು ತಂಬೂರಿಯ ಹಾಗೆ ಪ, ಸ, ಸ, ಸ ಎಂದು ಶ್ರುತಿ ಮಾಡಿಕೊಟ್ಟರು. ಕೇಳಲು ಬಹಳ ಚೆನ್ನಾಗಿತ್ತು. ಪುಸ್ತಕದ ಒಂದು ಪಾಠವೂ ಅದರ ಮೇಲೆ ನುಡಿಯಲಿಲ್ಲ.

ಆಮೇಲೆ ನಾನೇ ಹಾರ್ಮೋನಿಯಂ ಮನೆ ಹುಡುಕಿ ‘ಇ’ ಒತ್ತಿ, ತೆಳು ತಂತಿಯನ್ನು ಅದಕ್ಕೆ ಕೂಡಿಸಲು ಹೊರಟೆ. ಒತ್ತಿದ್ದು ಒಂದು ಸಪ್ತಕ ಮೇಲಿನ ಮನೆ. ತಂತಿಯ ಉದ್ದವನ್ನೂ ದಪ್ಪವನ್ನೂ ಹಾಗೇ ಇಟ್ಟು ಒಂದು ಸಪ್ತಕ ಏರಿಸಬೇಕಾದರೆ ಬಿಗಿತ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗಬೇಕು. ಫ್ರಾನ್ಸಿನ ಪಾದ್ರಿ ಮೆರ್ಸೆನ್ 1636ರಲ್ಲೇ ಈ ಲೆಕ್ಕ ಅಚ್ಚು ಹಾಕಿಸಿದ್ದ. ನನಗೆ ತಿಳಿದದ್ದು ತಂತಿ ಹರಿದು ಕೆನ್ನೆಗೆ ಹೊಡೆದ ಮೇಲೆ. ಹೊಸ ತಂತಿ ವಿಜಯಪುರದಲ್ಲಿ (ಆಗಿನ್ನೂ ಬಿಜಾಪುರ) ಸಿಗಲಿಲ್ಲ. ಯಾರೋ ಕೊಟ್ಟ ಸಿತಾರದ ತಂತಿ ಕಟ್ಟಿದೆ. ಒಂದು ತಿಂಗಳು ಗುದ್ದಾಡಿ, ಶ್ರುತಿಯೇ ಕೂಡದಿದ್ದಾಗ ‘ನನಗೆ ಸ್ವರಜ್ಞಾನ ಇಲ್ಲ’ ಎಂದು ತೀರ್ಮಾನಿಸಿ, ಬಿಗಿದ ತಂತಿ ಬಿಗಿದ ಹಾಗೇ ತಗಡಿನ ಕೆಳಗಿನ ಅಟ್ಟಕ್ಕೆ ಏರಿಸಿದೆ. ಮರುವರ್ಷದ ಬೇಸಿಗೆಯಲ್ಲಿ ನೋಡಿದರೆ ಕುದುರೆ ಕಿತ್ತು ಎದ್ದಿತ್ತು. ಆ ತೀರ್ಮಾನ ಮಾತ್ರ ಮೂವತ್ತು ವರ್ಷ ಗಟ್ಟಿಯಾಗಿ ಉಳಿಯಿತು. ಯಾರಾದರೂ ಹಾಡೆಂದರೆ “ನಮಗ ಅದು ಬರಂಗಿಲ್ರಿ” ಅನ್ನುವುದು ರೂಢಿಯಾಯಿತು.

ಹೀಗಾಗಿ ಆ ಮೇಜಿನ ಮೇಲಿಂದ ನಾನು ಮೊದಲು ಎತ್ತಿಕೊಂಡದ್ದು ಟ್ಯೂನರ್. ಬಟ್ಟೆ ಒಣಹಾಕುವ ಚಿಮಟಿಗೆಯಷ್ಟೇ ದೊಡ್ಡದು. ಗಿಟಾರಿನ ತಲೆಗೆ ಕಚ್ಚಿಸಿದರೆ ಕಟ್ಟಿಗೆಯ ಕಂಪನವನ್ನೇ ಹಿಡಿದು ತಂತಿ ಇಳಿದಿದೆಯೋ ಏರಿದೆಯೋ ತೋರಿಸುತ್ತದೆ. ಗದ್ದಲದ ನಡುವೆಯೂ ಕೆಲಸ ಮಾಡುತ್ತದೆ, ಮತ್ತು ಗಾಂಧಿ ಚೌಕದಲ್ಲಿ ಗದ್ದಲಕ್ಕೆ ಬರ ಇಲ್ಲ.

ಇಷ್ಟು ಸಣ್ಣ ವಸ್ತುವಿಗೆ ಮುನ್ನೂರು ವರ್ಷ ಹಿಡಿಯಿತು. 1711ರಲ್ಲಿ ಲಂಡನ್ನಿನ ತುತ್ತೂರಿ ವಾದಕ ಜಾನ್ ಶೋರ್ ಎರಡು ಕಾಲಿನ ಉಕ್ಕಿನ ಶ್ರುತಿಕವೆಯನ್ನು ಮಾಡಿದ. ಬಡಿದರೆ ಯಾವಾಗಲೂ ಒಂದೇ ಸ್ವರ. ಆದರೆ ಯಾವ ಸ್ವರ ಎಂಬುದರಲ್ಲಿ ಊರಿಗೊಂದು ಪದ್ಧತಿ ಇತ್ತು. ಫ್ರಾನ್ಸ್ 1859ರಲ್ಲಿ ಕಾನೂನು ಮಾಡಿ ‘ಎ’ ಸ್ವರವನ್ನು ಸೆಕೆಂಡಿಗೆ 435 ಕಂಪನಕ್ಕೆ ನಿಲ್ಲಿಸಿತು. 1939ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಸಭೆ 440 ಎಂದಿತು. ಇವತ್ತಿನ ಎಲ್ಲ ಟ್ಯೂನರುಗಳ ಪರದೆಯ ಮೂಲೆಯಲ್ಲಿ ಕಾಣುವ 440 ಅದೇ. ಅಕಸ್ಮಾತ್ ಗುಂಡಿ ಒತ್ತಿ ಅದು 432 ಅಥವಾ 445 ಆಗಿದ್ದರೆ, ಒಬ್ಬರೇ ನುಡಿಸುವಾಗ ತಿಳಿಯುವುದಿಲ್ಲ, ಹಾರ್ಮೋನಿಯಂ ಜೊತೆ ಕೂತಾಗ ಮರ್ಯಾದೆ ಹೋಗುತ್ತದೆ. ಇದನ್ನು ಹೊಸಬರು ಮೊದಲ ದಿನವೇ ನೋಡಿಕೊಳ್ಳಬೇಕು. ಮುಳ್ಳು ಅಲ್ಲಾಡುವ, ಕೈಯಲ್ಲಿ ಹಿಡಿಯುವಂಥ ಟ್ಯೂನರನ್ನು ಜಪಾನಿನ ಕೋರ್ಗ್ ಕಂಪನಿ 1975ರಲ್ಲಿ ತಂದಿತು. ಅದಕ್ಕೂ ಮುಂಚೆ ಕಲಿತವರೆಲ್ಲ ಕಿವಿಯಿಂದಲೇ ಕಲಿತರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಹತ್ತಿರ ಒಂದಲ್ಲ ಹತ್ತು ವಾದ್ಯ ಕಲಿತದ್ದಕ್ಕೆ ಯಾವ ಪರದೆಯೂ ಬೇಕಾಗಿರಲಿಲ್ಲ. ಆದರೆ ಅಲ್ಲಿ ಬೆಳಗಿನಿಂದ ರಾತ್ರಿಯ ತನಕ ಗುರು ಇದ್ದರು, ಸುತ್ತ ಶ್ರುತಿ ಇತ್ತು. ಒಬ್ಬಳೇ ಕೂತು ಕಲಿಯುವ ಹುಡುಗಿಗೆ ಆ ಗುರುವಿನ ಹತ್ತನೆಯ ಒಂದು ಪಾಲು ಈ ಚಿಮಟಿಗೆ. 350 ರೂಪಾಯಿ.

ಇಷ್ಟಾದರೂ ಟ್ಯೂನರ್ ಹೇಳಿದ್ದೇ ಕೊನೆಯ ಮಾತಲ್ಲ. ಗಿಟಾರಿನ ಮೆಟ್ಟುಗಳು ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿ ಕೂಡ್ರಿಸಿದವು. ಇಬ್ರಾಹಿಂ ಪಟ್ಟಕ್ಕೆ ಬಂದ ಮರುವರ್ಷ, 1581ರಲ್ಲಿ, ಇಟಲಿಯ ವಿಂಚೆಂಜೋ ಗೆಲಿಲಿ (ಆಕಾಶ ನೋಡಿದ ಗೆಲಿಲಿಯೋನ ಅಪ್ಪ) ಇದಕ್ಕೊಂದು ಸುಲಭ ಸೂತ್ರ ಕೊಟ್ಟ. ಉಳಿದ ತಂತಿಯ ಹದಿನೆಂಟನೆಯ ಒಂದು ಭಾಗಕ್ಕೆ ಒಂದೊಂದು ಮೆಟ್ಟು. ಇಂದಿನ ಗಿಟಾರಿನ ತಂತಿ ಸುಮಾರು 648 ಮಿಲಿಮೀಟರ್, ಅದರ ಹದಿನೆಂಟನೆಯ ಪಾಲು 36. ಅಳೆದು ನೋಡಿ, ಮೊದಲ ಮೆಟ್ಟು ಹೆಚ್ಚು ಕಡಿಮೆ ಅಲ್ಲೇ ಇರುತ್ತದೆ. ಈ ಸಮಪಾಲಿನಲ್ಲಿ ಷಡ್ಜ, ಪಂಚಮ ಚೆನ್ನಾಗಿಯೇ ಕೂಡುತ್ತವೆ, ಗಾಂಧಾರ ಮಾತ್ರ ತುಸು ಏರಿರುತ್ತದೆ. ಚೆನ್ನಾಗಿ ಕೂಡಿದ ತಂಬೂರಿಯಿಂದ ತಾನಾಗಿಯೇ ಹುಟ್ಟುವ ಗಾಂಧಾರಕ್ಕೂ ಗಿಟಾರಿನ ಗಾಂಧಾರಕ್ಕೂ ಅರ್ಧ ಸ್ವರದ ಏಳನೆಯ ಒಂದು ಪಾಲಿನಷ್ಟು ವ್ಯತ್ಯಾಸ.

ಈ ವ್ಯತ್ಯಾಸಕ್ಕಾಗಿಯೇ ನಮ್ಮ ರಸ್ತೆಯ ಆಚೆ ತುದಿಯಲ್ಲಿ, ಸಾಂಗಲಿ ಮಿರಜದ ಕಡೆ, ನೂರು ವರ್ಷದ ಹಿಂದೆ ದೊಡ್ಡ ಚರ್ಚೆಯೇ ನಡೆದಿತ್ತು. ನಿವೃತ್ತ ಡೆಪ್ಯುಟಿ ಕಲೆಕ್ಟರ್ ಕೃಷ್ಣಾಜಿ ಬಲ್ಲಾಳ ದೇವಲ್ 1910ರಲ್ಲಿ ಇಪ್ಪತ್ತೆರಡು ಶ್ರುತಿಗಳ ಬಗ್ಗೆ ಪುಸ್ತಕ ಬರೆದರು. ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ನ್ಯಾಯಾಧೀಶರು ಜೊತೆಯಾದರು, ಉಸ್ತಾದ್ ಅಬ್ದುಲ್ ಕರೀಂ ಖಾನರು ಹಾಡಿ ತೋರಿಸಿದರು, ಶ್ರುತಿ ಹಾರ್ಮೋನಿಯಂ ಕೂಡ ತಯಾರಾಯಿತು. ಹೆಚ್ಚು ದಿನ ನಡೆಯಲಿಲ್ಲ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಮ್ಮನ್ನೇ ಹೊರಗಿಟ್ಟು ಮೂರು ದಶಕ ಕೂತಿತು. ನನ್ನ ಸೊಸೆಗೆ ಇದನ್ನೆಲ್ಲ ಅಂಗಡಿಯಲ್ಲೇ ಹೇಳಹೊರಟಾಗ ಅವಳು, “ಮಾಮಾ, ಅಂಗಡಿ ಮುಚ್ಚತಾರ” ಅಂದಳು.

ಪಿಕ್ಕಿನ ವಿಷಯದಲ್ಲಿ ಅಂಗಡಿಯವರದೇ ಗೆಲುವು. ಹತ್ತು ಬಣ್ಣದ ಪೊಟ್ಟಣ ಬೇಡ, ಮೂರು ಸಾಕು ಎಂದು ನಾನು ಹೇಳಿದರೂ ಅದರ ಬೆಲೆ ಅಷ್ಟೇನಿರಲಿಲ್ಲ, ಕಳೆದುಹೋಗುವ ವಸ್ತು ಬೇರೆ. ಮಿಜ್ರಾಬ್ ಎಂಬ ಶಬ್ದ ಅರಬ್ಬಿಯದು, ಹೊಡೆಯುವ ಸಾಧನ ಎಂಬುದೇ ಅರ್ಥ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಿಂದ ಸ್ಪೇನಿಗೆ ಹೋದ ಜಿರ್ಯಾಬ್ ಊದ್ ವಾದ್ಯಕ್ಕೆ ಕಟ್ಟಿಗೆಯ ಬದಲು ಹದ್ದಿನ ಗರಿ ಬಳಸಿದ ಎನ್ನುತ್ತಾರೆ. ನಮ್ಮ ಸರೋದಿನವರು ತೆಂಗಿನ ಚಿಪ್ಪನ್ನು ತಿಕ್ಕಿ ‘ಜವಾ’ ಮಾಡಿಕೊಳ್ಳುತ್ತಾರೆ. ಗಿಟಾರಿಗೆ ಬಹಳ ಕಾಲ ಕಡಲಾಮೆಯ ಚಿಪ್ಪೇ ಶ್ರೇಷ್ಠ ಎನಿಸಿತ್ತು. 1922ರಲ್ಲಿ ನ್ಯೂಯಾರ್ಕಿನ ಲುಯಿಜಿ ದಾಂದ್ರೆಯಾ ಸೆಲ್ಯುಲಾಯ್ಡ್ ಹಾಳೆಯಿಂದ ಪಿಕ್ಕು ಕತ್ತರಿಸಿ ಮಾರಲು ಶುರು ಮಾಡಿದ. 1970ರ ದಶಕದಲ್ಲಿ ಆಮೆ ಚಿಪ್ಪಿನ ಅಂತಾರಾಷ್ಟ್ರೀಯ ವ್ಯಾಪಾರವೇ ನಿಂತಿತು, ಆಮೆಗಳಿಗೆ ಅಷ್ಟು ನೆಮ್ಮದಿ. ಹೊಸಬರಿಗೆ 0.6ರಿಂದ 0.7 ಮಿಲಿಮೀಟರಿನದು ಸರಿ. ಅದಕ್ಕಿಂತ ತೆಳುವಾದರೆ ಪಟಪಟ ಸದ್ದು, ದಪ್ಪವಾದರೆ ತಂತಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಬೆರಳಿಗೆ ಹಾಕುವ ರಬ್ಬರ್ ಟೊಪ್ಪಿಗೆಯನ್ನು ಅವಳೇ ಬೇಡ ಅಂದಳು. “ಜೋಳದ ರೊಟ್ಟಿ ಬಡದ ಕೈ, ಎರಡ ವಾರ ತಡಕೋತದ” ಎಂದು ನಕ್ಕಳು. ಪಾಲಿಶ್ ಬಾಟಲಿಗೆ ಬದಲು ಹಳೆಯ ಹತ್ತಿ ಪಂಚೆಯ ತುಂಡು. ಸ್ಟ್ಯಾಂಡೂ ಬೇಡವಾಯಿತು. ನಮ್ಮಲ್ಲಿ ತಂಬೂರಿ ಗೋಡೆಯ ಗೂಟಕ್ಕೇ ತೂಗುತ್ತಿತ್ತು. ಮರಾಠಿಯಲ್ಲಂತೂ ಗೋಡೆಯ ಗೂಟಕ್ಕೂ ತಂಬೂರಿಯ ಬಿರಡೆಗೂ ‘ಖುಂಟಿ’ ಎಂಬ ಒಂದೇ ಹೆಸರು. ಹೆಗಲಪಟ್ಟಿ ನಿಂತು ನುಡಿಸುವವರಿಗೆ. ಕೂತು ಕಲಿಯುವ ವರ್ಷದಲ್ಲಿ ಅದರ ಅವಸರ ಇಲ್ಲ. ತಾಳದ ಯಂತ್ರ ಮೇಜಿನ ಮೇಲೆ ಇರಲೇ ಇಲ್ಲ. ಅದು ಈಗ ಎಲ್ಲರ ಫೋನಿನಲ್ಲಿದೆ.

ತಂತಿಯ ಒಂದು ಹೆಚ್ಚಿನ ಸೆಟ್ಟು ಬೇಕೇ ಬೇಕು ಎಂದು ನಾನು ಹಟ ಹಿಡಿದೆ. ಈಗ ಊರಲ್ಲಿ ಸಿಗುತ್ತವೆ ನಿಜ. ಆದರೆ ರಾತ್ರಿ ಒಂಬತ್ತಕ್ಕೆ ತಿಕೋಟಾದಲ್ಲಿ ತಂತಿ ಹರಿದರೆ ಮರುದಿನದ ಬಸ್ಸಿನ ತನಕ ಕಾಯಬೇಕು. ಹಾಗೆ ಕಾಯುತ್ತ ನಾನು ಮೂವತ್ತು ವರ್ಷ ಕಾದೆ. ಮೊದಲು ತಂತಿಗಳೆಲ್ಲ ಕುರಿಯ ಕರುಳಿನವು. ಎರಡನೆಯ ಮಹಾಯುದ್ಧದಲ್ಲಿ ಗಾಯ ಹೊಲಿಯುವ ದಾರಕ್ಕೆ ಕರುಳೆಲ್ಲ ಹೋಗಿ ಗಿಟಾರಿಗೆ ತಂತಿಯೇ ಇಲ್ಲದಾಯಿತು. ಆಗ ನ್ಯೂಯಾರ್ಕಿನ ಆಲ್ಬರ್ಟ್ ಆಗಸ್ಟೀನ್ ನೈಲಾನಿನಿಂದ ತಂತಿ ಮಾಡಿದ, ಸ್ಪೇನಿನ ಮಹಾವಾದಕ ಸೆಗೋವಿಯ ಅದನ್ನು ಒಪ್ಪಿ ನುಡಿಸಿದ. ನೈಲಾನ್ ತಂತಿ ಬೆರಳಿಗೆ ಮೆತ್ತಗೆ. ಆದರೆ ಸ್ಟೀಲ್ ತಂತಿಗೆಂದು ಮಾಡಿದ ಗಿಟಾರಿಗೆ ನೈಲಾನ್, ನೈಲಾನಿನದಕ್ಕೆ ಸ್ಟೀಲ್ ಕಟ್ಟಬಾರದು. ಸ್ಟೀಲ್ ತಂತಿಗಳು ಆರೂ ಸೇರಿ ಗಿಟಾರನ್ನು ಸುಮಾರು 70 ಕಿಲೋ ಬಲದಿಂದ ಎಳೆಯುತ್ತವೆ. ಒಬ್ಬ ಆಳು ಹಗಲೂ ರಾತ್ರಿ ಕುದುರೆಗೆ ಜೋತುಬಿದ್ದ ಹಾಗೆ.

ಚೀಲದ ವಿಷಯಕ್ಕೆ ಇದೇ ಕಾರಣ. ನಮ್ಮ ಕಡೆ ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ, ಗಾಳಿ ಹಪ್ಪಳದ ಹಾಗೆ ಒಣಗಿರುತ್ತದೆ. ಕಟ್ಟಿಗೆ ಕುಗ್ಗುತ್ತದೆ, ಅಂಟು ಮೆತ್ತಗಾಗುತ್ತದೆ, 70 ಕಿಲೋ ಎಳೆತ ಮಾತ್ರ ಕಡಿಮೆಯಾಗುವುದಿಲ್ಲ. ತಂಬೂರಿಗೆ ನಮ್ಮವರು ಗವಸಣಿಗೆ ಹೊಲಿಸುತ್ತಿದ್ದದ್ದು ಬರೀ ಧೂಳಿಗಲ್ಲ. ದಪ್ಪ ಚೀಲಕ್ಕೆ ಹಣ ಸಾಲಲಿಲ್ಲ, ತೆಳ್ಳನೆಯದು ಗಿಟಾರಿನ ಜೊತೆ ಪುಕ್ಕಟೆ ಬಂತು. ಅದಕ್ಕೆ ತಂಗಿ ಆಮೇಲೆ ಹಳೆಯ ಕೌದಿಯ ಅಸ್ತರು ಹಾಕಿ ಹೊಲಿದಳು. ಕಂಪನಿಯ ಚೀಲಕ್ಕಿಂತ ಒಳ್ಳೆಯದಾಯಿತು.

ಉಳಿದದ್ದು ಕೇಪೋ. ಗಿಟಾರಿನ ಕತ್ತಿಗೆ ಅಡ್ಡಲಾಗಿ ಆರೂ ತಂತಿ ಒತ್ತಿ ಹಿಡಿಯುವ ಚಿಮಟ. ಹೆಸರು ಇಟಲಿಯ ‘ಕಾಪೋತಾಸ್ತೋ’ದಿಂದ ಬಂದದ್ದು, ತಲೆಯ ಮೆಟ್ಟು ಎಂಬರ್ಥ. ಅಮೆರಿಕದ ಜೇಮ್ಸ್ ಆಶ್‌ಬರ್ನ್ 1850ರಲ್ಲಿ ಒಂದು ಬಗೆಯದಕ್ಕೆ ಪೇಟೆಂಟ್ ಪಡೆದ. ಇದು ಹೊಸಬರಿಗೆ ಬೇಡ, ಆರು ತಿಂಗಳಾದ ಮೇಲೆ ನೋಡಿದರಾಯಿತು ಎಂದು ಎಲ್ಲರೂ ಹೇಳುತ್ತಾರೆ. ಅಂಗಡಿಯವರೂ “ಸದ್ಯಕ್ಕ ಬ್ಯಾಡ್ರಿ” ಅಂದರು. ನಾನೂ ಬದಿಗಿಟ್ಟೆ. ಹುಡುಗಿ ಮಾತ್ರ ಅದನ್ನು ಮತ್ತೆ ಎತ್ತಿಕೊಂಡು, “ಅವ್ವನ ಭಜನಿ ಕರಿ ನಾಕು. ಗಿಟಾರ್ದಾಗ ಅದು ಹೆಂಗ ಬರಬೇಕು?” ಎಂದು ಕೇಳಿದಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಗಡಿಯವರ ಮಗ, ಹದಿನೇಳು ಹದಿನೆಂಟರ ಹುಡುಗ, ಮುಂದೆ ಬಂದು ತೋರಿಸಿದ. ಹೊಸಬರು ಮೊದಲು ಕಲಿಯುವ ಸುಲಭ ಹಿಡಿತಗಳು ಸಿ ಮತ್ತು ಜಿ. ಹಾರ್ಮೋನಿಯಮ್ಮಿನ ಭಾಷೆಯಲ್ಲಿ ಬಿಳಿ ಒಂದು, ಬಿಳಿ ಐದು. ಆದರೆ ನಮ್ಮ ಭಜನೆಯಲ್ಲಿ ಗಂಡಸರು ಹಾಡುವುದು ಬಹಳ ಮಟ್ಟಿಗೆ ಕರಿ ಒಂದರಲ್ಲಿ, ಹೆಂಗಸರು ಕರಿ ನಾಲ್ಕರಲ್ಲಿ. ಕೇಪೋವನ್ನು ಮೊದಲ ಮೆಟ್ಟಿಗೆ ಹಾಕಿದರೆ ಎಲ್ಲವೂ ಅರ್ಧ ಸ್ವರ ಏರುತ್ತದೆ. ಸಿ ಹಿಡಿದರೆ ಕರಿ ಒಂದು, ಜಿ ಹಿಡಿದರೆ ಕರಿ ನಾಲ್ಕು. ಪಾಶ್ಚಾತ್ಯ ಪುಸ್ತಕಗಳ ಪ್ರಕಾರ ಕೇಪೋ ಆಮೇಲಿನ ಸಾಮಾನು. ಮನೆಯಲ್ಲಿ ಹಾಡುವವರಿರುವ ಕನ್ನಡದ ಹುಡುಗಿಗೆ ಅದು ಟ್ಯೂನರಿನ ನಂತರದ್ದೇ ಎಂದು ಆವತ್ತು ನನಗೆ ಖಾತ್ರಿಯಾಯಿತು. ಅವಳು ಗಿಟಾರ್ ಬಯಸಿದ್ದೇ ಶಿಶುನಾಳ ಶರೀಫರ ಪದಗಳನ್ನು ರಘು ದೀಕ್ಷಿತ್ ಗಿಟಾರಿನ ಮೇಲೆ ಹಾಡಿದ್ದನ್ನು ಕೇಳಿ. ಪದಗಳು ಅವಳಿಗೆ ಅವ್ವನ ಬಾಯಿಂದ ಮೊದಲೇ ಗೊತ್ತಿದ್ದವು.

ಟ್ಯೂನರ್, ಕೇಪೋ, ತಂತಿಯ ಸೆಟ್ಟು, ಪಿಕ್ಕಿನ ಪೊಟ್ಟಣ. 1,280 ರೂಪಾಯಿ. ಉಳಿದ ಹಣದಲ್ಲಿ ಇಬ್ಬರೂ ಗಿರಮಿಟ್ಟು, ಮಿರ್ಚಿ ತಿಂದೆವು.

ಶ್ರಾವಣದಲ್ಲಿ ಗೆಳೆಯರೊಬ್ಬರ ತಂಬೂರಿಯ ಜವಾರಿ ತೆಗೆಸಲು ಮಿರಜಕ್ಕೆ ಹೋಗುವುದಿತ್ತು. ತಿಕೋಟಾದಲ್ಲಿ ಅವಳನ್ನೂ ಹತ್ತಿಸಿಕೊಂಡೆ. ನಮ್ಮ ಕಡೆ ಜವಾರಿ ಅಂದರೆ ನಾಟಿ, ಜವಾರಿ ಬದನಿಕಾಯಿ, ಜವಾರಿ ಹುಂಜ. ತಂಬೂರಿಯ ಜವಾರಿ ಬೇರೆ. ಅಗಲವಾದ ಕುದುರೆಯ ಮೇಲ್ಮೈಯನ್ನು ತುಸುವೇ ಬಾಗಿರುವಂತೆ ಉಜ್ಜಿ, ತಂತಿಯ ಕೆಳಗೆ ಹತ್ತಿಯ ಎಳೆಯೊಂದನ್ನು ಸರಿಸಿ ಹದ ಮಾಡಿದರೆ ತಂತಿ ಕುದುರೆಯನ್ನು ಸವರುತ್ತ ಝೇಂಕರಿಸುತ್ತದೆ. ಆ ಎಳೆಗೆ ಜೀವ ಎಂದೇ ಹೆಸರು. ಜೋಡಿ ಸಾಮಾನಿನಲ್ಲಿ ಇದಕ್ಕಿಂತ ಸಣ್ಣದು, ಇದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ.

ಮಿರಜದ ಸಿತಾರ್‌ಮೇಕರರ ಪೂರ್ವಜರು ಶಿಕಲಗಾರರು, ಕತ್ತಿ ಸಾಣೆ ಹಿಡಿಯುವವರು. ಹತ್ತೊಂಬತ್ತನೆಯ ಶತಮಾನದಲ್ಲಿ ಆಯುಧಗಳಿಗೆ ಗಿರಾಕಿ ತಪ್ಪಿದಾಗ ಫರೀದ್‌ಸಾಹೇಬರು ತಂತಿವಾದ್ಯದ ಕೆಲಸಕ್ಕೆ ಕೈಹಾಕಿದರು. ಸೋರೆಬುರುಡೆಗಳು ಪಂಢರಪುರ, ಮಂಗಳವೇಢೆಯ ಕಡೆಯಿಂದ, ಅಂದರೆ ನಮ್ಮದೇ ಭೀಮಾ ನದಿಯ ದಂಡೆಯಿಂದ ಬರುತ್ತವೆ. 2024ರಲ್ಲಿ ಮಿರಜದ ಸಿತಾರ, ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಅಬ್ದುಲ್ ಕರೀಂ ಖಾನರು ಮಿರಜದಲ್ಲೇ ನೆಲೆಸಿದ್ದವರು. ತಂಬೂರಿಯ ಜವಾರಿಯನ್ನು ಸ್ವತಃ ತೆಗೆಯುತ್ತಿದ್ದರು. ಹಾಡುವವರ ಕೈಯಲ್ಲೂ ಅರ ಇರುತ್ತಿದ್ದ ಕಾಲ ಅದು.

ನಾವು ಹೋದ ಅಂಗಡಿಯ ಹಿರಿಯರಿಗೆ ಕನ್ನಡ ಬರುತ್ತಿತ್ತು. ಅವರು ಉಜ್ಜುವುದನ್ನು ನೋಡುತ್ತ ನನ್ನ ಸೊಸೆ, ತನ್ನ ಗಿಟಾರಿನ ಮೂರನೆಯ ಮೆಟ್ಟಿನಲ್ಲಿ ಹೀಗೇ ಝುಂಯ್ ಎನ್ನುತ್ತದೆ ಎಂದಳು. ಅವರು ನಕ್ಕು, ಅದು ಜವಾರಿ ಅಲ್ಲ, ಮೆಟ್ಟಿಗೆ ತಂತಿ ತಾಗುತ್ತಿದೆ, ಬೆರಳನ್ನು ಮೆಟ್ಟಿನ ಹತ್ತಿರ ತಂದು ಒತ್ತಬೇಕು ಎಂದರು. ಗಿಟಾರಿನ ಕುದುರೆಯ ಮೇಲಿನ ಎಲುಬಿನ ಪಟ್ಟಿ ಚಾಕುವಿನ ಅಲಗಿನಷ್ಟು ಸಪೂರ, ತಂತಿಗೆ ಸವರಲು ಅಲ್ಲಿ ಜಾಗವೇ ಇಲ್ಲ. ತಂಬೂರಿಯಲ್ಲಿ ಯಾವುದು ಜೀವವೋ ಗಿಟಾರಿನಲ್ಲಿ ಅದು ದೋಷ.

ಹೊರಡುವಾಗ ನಾಚಿಕೆಯಿಂದಲೇ ಫೋನಿನಲ್ಲಿದ್ದ ನನ್ನ ಹಳೆಯ ಗಿಟಾರಿನ ಚಿತ್ರ ತೋರಿಸಿದೆ. ಎದ್ದ ಕುದುರೆ, ಮೊದಲ ತಂತಿಯ ಜಾಗದಲ್ಲಿ ಸಿತಾರದ ತಂತಿ. ನನಗೆ ಸ್ವರಜ್ಞಾನ ಇಲ್ಲದ್ದರಿಂದ ಹೀಗಾಯಿತು ಎಂದೆ. ಅವರು ಚಿತ್ರವನ್ನು ಹಿಗ್ಗಿಸಿ ನೋಡಿದರು. “ಮೆಟ್ಟ ಸಮ ಇಲ್ಲ, ಕುದುರಿ ಸರದದ. ಇದು ನಮ್ಮ ಅಜ್ಜ ಬಂದರೂ ಶ್ರುತಿ ಕೂಡಂಗಿಲ್ರಿ. ಕಿವಿದೇನ ತಪ್ಪಿಲ್ಲ.” ಇಷ್ಟು ಹೇಳಿ ತಂಬೂರಿಗೆ ಗವಸಣಿಗೆ ಹಾಕಿದರು. ಬಸ್ಸಿನಲ್ಲಿ ಅಥಣಿ ಬರುವ ತನಕ ನಾನು ಮಾತಾಡಲಿಲ್ಲ.

ದೀಪಾವಳಿಯ ಪಾಡ್ಯದ ರಾತ್ರಿ ತಿಕೋಟಾದಲ್ಲಿ ಊಟವಾದ ಮೇಲೆ ಅವಳು ಗಿಟಾರ್ ತೆಗೆದಳು. ಟ್ಯೂನರ್ ಕಚ್ಚಿಸಿ ಒಂದೊಂದೇ ತಂತಿ ನೋಡುತ್ತಿದ್ದಳು. ಐದನೆಯದನ್ನು ಮೀಟಿದಾಗ ನನ್ನ ಬಾಯಿಂದ “ಇಳದದ” ಎಂದು ಬಂತು. ಪರದೆ ಅವಳ ಕಡೆಗಿತ್ತು. ಅವಳು ಅದನ್ನು ನೋಡಿ, ನನ್ನನ್ನು ನೋಡಿ, ಬಿರಡೆ ತಿರುವಿದಳು.

ಮೊದಲ ಮೆಟ್ಟಿಗೆ ಕೇಪೋ ಹಾಕಿ ಜಿ ಹಿಡಿದಳು. ತಂಗಿ ಶರೀಫರ ಪದ ಎತ್ತಿಕೊಂಡಳು. ಎರಡು ಪದ ಆದವು. ಹೊರಗೆ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಭಾವ ಬಾಗಿಲ ತನಕ ಬಂದು ನಿಂತ. ಮೂರನೆಯದಕ್ಕೆ ತಾನೂ ದನಿ ಕೂಡಿಸಲು ನೋಡಿ, ಅಂತರೆಗೆ ಏರಲಾಗದೆ ಕೆಮ್ಮಿದ.

“ಆ ಚಿಮಟಾ ತಗಿ ಅತ್ಲಾಗ. ನನಗ ಅಷ್ಟ ಮ್ಯಾಲ ಹೋಗಂಗಿಲ್ಲ.”

“ಚಿಮಟಾ ಅಲ್ಲೇ ಇರ್ಲಿ ಅಪ್ಪಾ,” ಎಂದು ಅವಳು ಬೆರಳು ಬದಲಿಸಿ ಸಿ ಹಿಡಿದಳು. “ಹೂಂ, ಈಗ ಹೇಳು.”